ಪ್ರಶ್ನೆ ಐದು

ಸೊಲ್ಲಾಪುರ. ಮಂಗಳವಾರದ ಮರೆವಿನ ಓಪಿಡಿ.
ಫ್ಯಾನಿನ ಗಾಳಿಗೆ ಹಾರದಿರಲೆಂದು ಪರೀಕ್ಷೆಯ ಹಾಳೆಯ ಮೇಲೆ
ಮಂಡಿ ಬಡಿಯುವ ಸುತ್ತಿಗೆ ಇಟ್ಟಿದ್ದೇನೆ.
ಎದುರಿಗೆ ತೋಳನೂರಿನ ಸುಗಲವ್ವ,
ಸೆರಗಿನ ತುದಿಯಲ್ಲಿ ಬಸ್ ಟಿಕೀಟಿನ ಗಂಟು.

"ಮರಾಠಿ ಪೂರಾ ಹೋತ್ರಿ" ಎನ್ನುತ್ತಾಳೆ ಸೊಸೆ,
"ಐವತ್ತು ವರ್ಷ ಬಾಜಾರದಾಗ ಬಾಯ್ತುಂಬ ಆಡಿದ್ದು."
ಕಡೆಗೆ ಬಂದದ್ದು ಮೊದಲು ಹೋಗುತ್ತದೆ
ಎಂದು ಬೋರ್ಡಿನ ಮೇಲೆ ಬರೆದು ಪಾಠ ಹೇಳುವವಳು ನಾನೇ.

ಹಾಳೆ ಬೆಂಗಳೂರಿನದು.
ಸೇಬು, ಮೇಜು, ನಾಣ್ಯ, ಮೂರೂ ನೆನಪಿಡಿ ಎಂದರೆ
"ಯಾರ ಮಕ್ಕಳ ಹೆಸರ ಇವು?" ಎಂದ ಮುದುಕರಿದ್ದಾರೆ ಇಲ್ಲಿ.
ಮೂರು ವರ್ಷದಿಂದ ತಿದ್ದುತ್ತಿದ್ದೇನೆ:
ಮೇಜು ಹೊಡೆದು ಒರಳು, ನಾಣ್ಯ ಹೊಡೆದು ರೊಕ್ಕ.
ನೂರಾ ಹನ್ನೆರಡು ಮಂದಿಯ ಮೇಲೆ ತೂಗಿ ನೋಡಿಯೂ
ಸೇಬಿಗೆ ಇನ್ನೂ ಏನೂ ಸಿಕ್ಕಿಲ್ಲ.

"ಇದು ಯಾವ ರಾಜ್ಯ, ಅವ್ವಾ?"
ಕಿಟಕಿಯಾಚೆ ನಿಂತುಹೋದ ಗಿರಣಿಯ ಚಿಮಣಿ,
ಅದರ ತುದಿಗೊಂದು ಅರಳಿ ಸಸಿ. ಬಹಳ ಹೊತ್ತು ನೋಡಿದಳು.
"ಅಕ್ಕಲಕೋಟಿ ಮಹಾರಾಜರದು.
ರಾಜಾ ಇಲ್ಲದ್ದಕ್ಕ ರಾಜ್ಯ ಅಂತ ಹ್ಯಾಂಗ ಅಂತೀ?"

ಕೀಲಿಯ ಪ್ರಕಾರ ಸೊನ್ನೆ.
ನನ್ನಜ್ಜ ಮುಂಬೈ ಇಲಾಖೆ ಎನ್ನುತ್ತಿದ್ದ ಸಾಯುವತನಕ.
ಅಪ್ಪ, ಕಿಸೆಯಲ್ಲಿ ಮೋರ್ಚಾದ ಕರಪತ್ರ,
ಸಿಟ್ಟಿನಲ್ಲಿ ಇನ್ನೊಂದರ ಹೆಸರು ಹೇಳುತ್ತಿದ್ದ.
ಇಬ್ಬರಿಗೂ ಮರೆವಿನ ರೋಗವಿರಲಿಲ್ಲ.
ಪೆನ್ನು ಖಾನೆಯ ಮೇಲೆ ನಿಂತೇ ಇತ್ತು.

ಅಷ್ಟರಲ್ಲಿ ಸುತ್ತಿಗೆ ಅವಳ ಕೈಯಲ್ಲಿ.
ರಬ್ಬರಿನ ತಲೆ ಹೆಬ್ಬೆರಳಿಂದ ಒತ್ತಿ,
"ಇದಕ್ಕ ಏನಂತೀ ನೀ?"
ಹ್ಯಾಮರ್ ಎಂದೆ. ಹಾತೋಡಿ ಎಂದೆ.
"ಅಲ್ಲ. ಕೊಡತಿ."

ಕೊಡತಿ!
ಅಜ್ಜಿ ಅಂಗಳದಲ್ಲಿ ತೊಗರಿ ಬಡಿಯುತ್ತಿದ್ದದ್ದು,
ಸಿಪ್ಪೆ ಸಿಡಿದು ನನ್ನ ಕೂದಲಲ್ಲಿ ಸಿಕ್ಕಿಕೊಳ್ಳುತ್ತಿದ್ದದ್ದು.
ನಲವತ್ತು ವರ್ಷ ಎಲ್ಲಿತ್ತು ಈ ಶಬ್ದ?
ಅದಿಲ್ಲದ ಜಾಗ ಯಾವ ಸ್ಕ್ಯಾನಿನಲ್ಲಿ ಕಾಣುತ್ತಿತ್ತು?

ಟಕ್ಕನೆ ನನ್ನ ಮಂಡಿಗೇ ಹೊಡೆದಳು.
ಕಾಲು ತಾನಾಗಿ ಎಗರಿತು.
"ಅತ್ತೀ!" ಎಂದಳು ಸೊಸೆ, ನಾಚಿಕೆಗೆ ಕೆಂಪಾಗಿ.
"ನರ ಛಲೋ ಅದಾವ" ಎಂದು ನನಗೆ ಧೈರ್ಯ ಹೇಳಿ
ಸುಗಲವ್ವ ಅತ್ತ ತಿರುಗಿದಳು, ದನಿ ತಗ್ಗಿಸಿ,
"ನೀ ಯಾರ ಪೈಕಿ ಬೇ, ತಂಗಿ?"

ಭಾರ ತೆಗೆದ ಹಾಳೆ ಆಗಲೇ ಬೆಂಚಿನ ಕೆಳಗೆ.
ಯಾರೂ ಬಗ್ಗಲಿಲ್ಲ, ಸ್ವಲ್ಪ ಹೊತ್ತು.