ಎದುರು ಬರುವಾಗ

ಪೈಯಾನ್ನೆ ಸರೋವರ ಕಲ್ಲಾಗಿದೆ ಫೆಬ್ರವರಿಗೆ.
ಬ್ಯಾಟರಿಯನ್ನು ಕಂಕುಳಲ್ಲಿಟ್ಟು ತಂದಿದ್ದೇನೆ,
ಕಾವಿಗೆ ಕೂತ ಕೋಳಿಯ ಹಾಗೆ;
ಈ ಚಳಿಗೆ ನಾಲ್ಕೇ ನಿಮಿಷ ಅದರ ಆಯುಸ್ಸು.

ಹೋದ ವಾರ ಬಾಲ ಮುರಿದಿತ್ತು.
ಬಾಲ್ಸಾ ಚಕ್ಕೆ, ಬಲೆಯ ದಾರ,
ಅಂಟು ಹೆಚ್ಚಾಗಿ ಹಿಂಭಾರ.
ಮೂಗಿನೊಳಗೆ ಎರಡು ಹಳೆಯ ಮಾರ್ಕಾ ನಾಣ್ಯ ಅಂಟಿಸಿದೆ.
ತೌನೊ ರೆಕ್ಕೆಯಡಿ ಬೆರಳಿಟ್ಟು ತೂಗಿದ:
"ಇನ್ನೊಂದು."
ದಿನಕ್ಕೆ ಹತ್ತು ಮಾತಿನ ಮನುಷ್ಯ.

ಹಿಮದ ಮೇಲೆ ಸ್ಕೀ ಜಾರಿತು, ಎದ್ದಿತು.
ದೂರ ಹೋಗುವಾಗ ಎಲ್ಲ ಸಲೀಸು,
ನನ್ನ ಎಡವೇ ಅದರ ಎಡ.
ತಿರುಗಿ ಎದುರು ಬರುವಾಗ ಫಜೀತಿ:
ಎಡಕ್ಕೆ ಅಂದರೆ ಬಲಕ್ಕೆ ವಾಲುತ್ತದೆ,
ತಿದ್ದಿದಷ್ಟೂ ತಪ್ಪು.
ಮೂರು ಸಲ ನೆಲಕ್ಕೆ ಮೂಗು ಕೊಟ್ಟದ್ದು ಹೀಗೇ.

"ಎಡ ಬಲ ಮರೆ, ಕಿರ್ಸಿ,"
ಥರ್ಮಾಸಿನ ಮುಚ್ಚಳ ತಿರುವುತ್ತ ತೌನೊ,
"ಬೀಳುವ ರೆಕ್ಕೆಯ ಕಡೆಗೇ ಕಡ್ಡಿ ತಳ್ಳು.
ಊರುಗೋಲು ಕೊಟ್ಟ ಹಾಗೆ."
(ಇವತ್ತಿನ ಮಾತು ಮುಗಿದವು.)

ತಳ್ಳಿದೆ.
ರೆಕ್ಕೆ ಊರಿಕೊಂಡು ಎದ್ದಿತು,
ನನ್ನ ಟೋಪಿಯ ಕುಚ್ಚು ಹಾರಿಸಿ ಹೋಯಿತು.

ಆಮೇಲೆ ಮೋಟಾರು ನಿಂತು, ತಾನೇ ತೇಲಿ ಇಳಿದದ್ದು
ಹಿಮ ಕೊರೆದು ಗಾಳ ಬಿಟ್ಟು ಕೂತಿದ್ದ ಮುದುಕನ ಪಕ್ಕಕ್ಕೆ.
ತೂತಿನಿಂದ ಕಣ್ಣೆತ್ತದೆ ಕೇಳಿದ:
"ಏನು, ಇವತ್ತು ಒಂದೇ ತುಂಡೇ?"