ತೊಂಬತ್ತೊಂಬತ್ತು

ಗೇಟಿನ ಬಾಯಲ್ಲಿ ಒಣಹುಲ್ಲಿನ ಹಾಸು,
ಅದರ ಮೇಲೆ ಔಷಧಿಯ ನೀರು.
ಆ ವಸಂತದಲ್ಲಿ ಕಂಬ್ರಿಯಾದ ನಮ್ಮ ಕಣಿವೆಯೆಲ್ಲ
ಕಾಲೊರೆಸಿಕೊಂಡೇ ಒಳಗೆ ಬರುತ್ತಿತ್ತು.
ಚರ್ಚಿಗೆ ಬರುವಾಗಲೂ ಇಷ್ಟು ಶ್ರದ್ಧೆಯಿಂದ
ಯಾರೂ ಬೂಟು ಒರೆಸಿದ್ದನ್ನು ನಾನು ಕಂಡಿಲ್ಲ.

ಇಪ್ಪತ್ತಮೂರು ಮಕ್ಕಳ ಶಾಲೆ. ಕಲ್ಲಿನ ಗೋಡೆ,
ಕೆಮ್ಮುವ ಒಂದು ಹೀಟರು, ಬಾಗಿಲ ಮೇಲೆ ಮರದ ಶಿಲುಬೆ.
ಮಂಗಳವಾರ ಎರಡನೇ ಗಂಟೆ ಧರ್ಮಪಾಠ.
ಯೋಜನೆಯ ಪುಸ್ತಕದಲ್ಲಿ ಜನವರಿಯಲ್ಲೇ ಬರೆದಿಟ್ಟಿದ್ದೆ,
ನನ್ನದೇ ದುಂಡು ಅಕ್ಷರದಲ್ಲಿ:
'ಹನ್ನೊಂದನೇ ವಾರ: ತಪ್ಪಿಸಿಕೊಂಡ ಕುರಿ.
ಸಾಮಗ್ರಿ: ಹತ್ತಿಯ ಉಂಡೆ ನೂರು, ಅಂಟು.
ಉದ್ದೇಶ: ದೇವರ ಪ್ರೀತಿಯ ಅಳತೆ ಮಕ್ಕಳಿಗೆ ತಿಳಿಯುವುದು.'
ಜನವರಿಯಲ್ಲಿ ನನಗೇನು ಗೊತ್ತಿತ್ತು.

'ಬದಲಿಸಿಬಿಡಿ, ಮಿಸೆಸ್ ಥ್ವೇಟ್ಸ್,' ಅಂದರು
ಪಾದ್ರಿ ಮೆರಿಕ್ ಫೋನಿನಲ್ಲಿ. 'ನೋಹನ ಕಥೆ ಹೇಳಿ.'
ನೋಹನದಾ? ಜೋಡಿ ಜೋಡಿ ಪ್ರಾಣಿಗಳದಾ?
ಆಚೆ ಕಡೆ ಸ್ವಲ್ಪ ಹೊತ್ತು ಬರೀ ತಂತಿಯ ಸದ್ದು.
ಆ ರಾತ್ರಿ ಕುರಿಯಿಲ್ಲದ ಪುಟಕ್ಕಾಗಿ
ಬೈಬಲ್ ತಿರುವಿ ತಿರುವಿ ಬೆರಳು ಸೋತಿತು.

ಸರಿ, ಹತ್ತಿ ಅಂಟಿಸಿದೆವು. ಗುಡ್ಡಕ್ಕೆ ಹಸಿರು ಕಾಗದ.
ಎಲ್ಲೆನ್ ಮೌನ್ಸಿ ಅಜ್ಜನ ಲೆಕ್ಕದಲ್ಲಿ ಎಣಿಸಿದಳು:
ಯಾನ್, ಟಾನ್, ಟೆದೆರಾ, ಮೆದೆರಾ, ಪಿಂಪ್.
ಕುರಿಗೆಂದೇ ಇಟ್ಟುಕೊಂಡ ಹಳೆಯ ಅಂಕಿಗಳು,
ಕುರಿ ಹೋದಮೇಲೂ ನಾಲಗೆಯ ಮೇಲೆ ಮೇಯುತ್ತಿದ್ದವು.

'ನಮ್ಮ ಕುರಿ ಬಿಳಿಯಲ್ಲ, ಮಿಸ್,' ಅಂದ ಐವರ್ ಬರ್ಕೆಟ್.
'ಹುಟ್ಟುವಾಗ ಕಪ್ಪು. ಆಮೇಲೆ ಬೂದಿ ಬಣ್ಣ.'
ಬೂದಿ ಅಂದದ್ದಕ್ಕೆ ಯಾರೋ ಕಿಟಕಿಯತ್ತ ನೋಡಿದರು.
ಕಿಟಕಿ ಮುಚ್ಚಿತ್ತು.
ವಾಸನೆಗೆಂದು ಮೂರು ವಾರದಿಂದ ಮುಚ್ಚಿಯೇ ಇತ್ತು.

ಹೇಳತೊಡಗಿದೆ: ಒಬ್ಬ ಕುರಿಗಾಹಿ, ನೂರು ಕುರಿ,
ಒಂದು ಕಾಣೆಯಾಯಿತು, ಹುಡುಕಲು ಹೊರಟ.
'ತೊಂಬತ್ತೊಂಬತ್ತನ್ನು ಯಾರ ಕೈಗೆ ಬಿಟ್ಟ?'
ಕಥೆಯಲ್ಲಿ ಹೇಳಿಲ್ಲ, ಐವರ್.
'ನಾಯಿ ಇತ್ತಾ? ಗೋಡೆ?'
ಅದೂ ಹೇಳಿಲ್ಲ.
'ಹೇಳಬೇಕಿತ್ತು,' ಅಂದ. ಸಿಟ್ಟೇನೂ ಇರಲಿಲ್ಲ.
ಅವರಪ್ಪ ಸಂತೆಯಲ್ಲಿ ಟಗರಿನ ಹಲ್ಲು ನೋಡುವ ಹಾಗೆ
ಹುಡುಗ ಕಥೆಯ ಬಾಯಿ ತೆರೆದು ನೋಡಿದ್ದ, ಅಷ್ಟೆ.

'ನಮ್ಮಲ್ಲಿ ಉಲ್ಟಾ, ಮಿಸ್.
ಹೋದದ್ದು ಮುನ್ನೂರ ಹನ್ನೆರಡು. ಉಳಿದದ್ದು ಒಂ—'
ಮೇಜಿನ ಕೆಳಗೆ ಎಲ್ಲೆನ್ ಅವನ ಕಾಲು ತುಳಿದಳು.

ಉಳಿಯುವಂತಿರಲಿಲ್ಲ. ಬಿಳಿ ಮೇಲಂಗಿಯವರು
ಲೆಕ್ಕ ಮುಗಿಸಿ, ಸಹಿ ಹಾಕಿಸಿಕೊಂಡು ಹೋಗಿದ್ದರು.
ಅವನ ತೋಳಿನ ಮೇಲೆ ಹಾಲಿನ ಪುಡಿಯ ಕಲೆ.
ಬೆಳಿಗ್ಗೆಯೇ ನೋಡಿದ್ದೆ,
ಸೀಮೆಸುಣ್ಣ ಅಂದುಕೊಂಡಿದ್ದೆ.

ಇಪ್ಪತ್ತಾರು ವರ್ಷ ಪ್ರಶ್ನೆ ಕೇಳಿಯೇ ಸಂಬಳ ಎಣಿಸಿದವಳು
ಆ ಒಂದು ಪ್ರಶ್ನೆಯನ್ನು ಉಗುಳಿನ ಜೊತೆ ನುಂಗಿದೆ.
ತರಗತಿಯಲ್ಲಿ ಎಲ್ಲರೂ ಅಂಟಿನ ಡಬ್ಬಿಯನ್ನೇ ನೋಡುತ್ತಿದ್ದರು.

'ಸಿಕ್ಕಿತಾ ಅದು? ಮುಗಿಸಿ, ಮಿಸ್.'
ಸಿಕ್ಕಿತು. ಹೆಗಲ ಮೇಲೆ ಹೊತ್ತು ಮನೆಗೆ ತಂದ.
ಸಂತೋಷ ತಡೆಯಲಾರದೆ
ನೆರೆಹೊರೆಯವರನ್ನೆಲ್ಲ ಕೂಗಿ ಕರೆದ.
'ಛೆ,' ಅಂದ ಐವರ್. 'ನೆರೆಯವರನ್ನು ಕರೆಯಬಾರದಿತ್ತು.'

ಸಂಜೆ ಒಬ್ಬಳೇ ಕುರ್ಚಿ ಹತ್ತಿ
ಗೋಡೆಯ ಮೇಲಿನ ಹಿಂಡನ್ನು ಎಣಿಸಿದೆ.
ಎರಡು ಸಲ ಎಣಿಸಿದೆ. ತೊಂಬತ್ತೊಂಬತ್ತು.
ಮೂಲೆಯಲ್ಲಿ, ಹಸಿರಿನ ಮೇಲೆ,
ಅಂಟು ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು.
ನಾನು ಹುಡುಕಲು ಹೋಗಲಿಲ್ಲ.

'ಉದ್ದೇಶ ಈಡೇರಿತೇ?' ಎಂಬ ಕಾಲಂ
ಖಾಲಿ ಬಿಟ್ಟು ಪುಟ ತಿರುಗಿಸಿದೆ.
ಮುಂದಿನ ವಾರ: ಸಾಸಿವೆ ಕಾಳು.