ತಲೆ ಇರಲಿ

ನಾನು ಮೀನಿನ ಮನೆಯವಳು, ಆಚೆ ದ್ವೀಪ ಪ್ರೊಚಿದಾದವಳು.
ಮೀನು ಬೇಯಲು ಒಂದು ಚಾಡಿಮಾತಿನಷ್ಟು ಹೊತ್ತು ಸಾಕು.
ಮೊಲಕ್ಕೆ ಹಾಗಲ್ಲ.
ಮೊಲಕ್ಕೆ ಇಡೀ ಒಂದು ಜಗಳದಷ್ಟು ಹೊತ್ತು ಬೇಕು,
ರಾಜಿಯನ್ನೂ ಸೇರಿಸಿ.

ಈ ಇಸ್ಕಿಯಾದಲ್ಲಿ ಭಾನುವಾರವೆಂದರೆ ಮೊಲ.
ದ್ರಾಕ್ಷಿ ಸಾಲಿನ ಕೊನೆಗೆ ಎರಡಾಳು ಆಳದ ಗುಂಡಿ,
ಗುಂಡಿಯ ಗೋಡೆಯಲ್ಲಿ ಅವೇ ತೋಡಿಕೊಂಡ ಬಿಲ.
ಬೆಳಿಗ್ಗೆ ನನ್ನ ಗಂಡ ಅನಿಯೆಲ್ಲೊ ಏಣಿ ಇಳಿದ.
ಮೇಲೆ ಬರುವಾಗ ಕೈ ತುಂಬಿತ್ತು, ಮಾತಿರಲಿಲ್ಲ.
ಉಳಿದದ್ದನ್ನು ಮನೆಯ ಹಿಂದೆ ಮುಗಿಸಿದ.
ಆ ಹೊತ್ತಿಗೆ ನಾನು ಟೊಮೇಟೊ ಎಣಿಸುತ್ತಿರುತ್ತೇನೆ, ಯಾವಾಗಲೂ.
ಹದಿನೇಳು. ಮತ್ತೊಮ್ಮೆ. ಹದಿನೇಳು.

ಒಲೆಯ ಪಕ್ಕದ ಕುರ್ಚಿಯಲ್ಲಿ ಅತ್ತೆ ರೆಸ್ತಿತೂತಾ.
ತೊಂಬತ್ತಕ್ಕೆ ಹತ್ತಿರದ ಬಾಯಿ.
ಹೊಸ ಹಲ್ಲಿನ ಸೆಟ್ಟು ಲೋಟದ ನೀರಲ್ಲಿ
ತನ್ನಷ್ಟಕ್ಕೆ ನಗುತ್ತಿದೆ.
"ಅದು ನನ್ನನ್ನೇ ಕಚ್ಚುತ್ತೆ ಕಣೇ. ನೀನು ಮೆತ್ತಗೆ ಬೇಯಿಸು."

ಒಂದು ಕಾಲಕ್ಕೆ ಇವಳ ಹಲ್ಲೇ ಈ ಮನೆಯ ನ್ಯಾಯಾಲಯ.
ಮದುವೆಯಾದ ಮೊದಲ ಭಾನುವಾರ
ನಾನು ಬೇಯಿಸಿದ ತೊಡೆಯನ್ನು ಒಮ್ಮೆ ಜಗಿದು,
ತಟ್ಟೆಯಂಚಿಗೆ ಸರಿಸಿ ಹೇಳಿದ್ದಳು:
"ಹಡಗಿನ ಹಗ್ಗ. ಚೆನ್ನಾಗಿದೆ."
ಇಪ್ಪತ್ತಾರು ವರ್ಷವಾಯಿತು,
ಆ ಹಗ್ಗ ಇನ್ನೂ ನನ್ನ ಗಂಟಲಲ್ಲೇ ಇದೆ.

ಇರಲಿ. ಮಣ್ಣಿನ ಮಡಕೆ ಕಾಯುತ್ತಿದೆ.
ಎಣ್ಣೆ ಧಾರಾಳ, ಬೆಳ್ಳುಳ್ಳಿ ಸಿಪ್ಪೆ ಸಮೇತ;
ಕೆಂಪಾಯಿತೋ, ತೆಗೆದಿಡು, ಅದರ ಕೆಲಸ ಮುಗಿಯಿತು.
ವೈನಿನಲ್ಲಿ ತೊಳೆದು ಒರೆಸಿದ ತುಂಡುಗಳು ಒಂದೊಂದಾಗಿ,
ಒಂದರ ಮೇಲೊಂದು ಬೀಳದ ಹಾಗೆ.
ಅವಸರ ಮಾಡಿದರೆ ನೀರು ಬಿಟ್ಟು ಅಳುತ್ತವೆ,
ಸುಮ್ಮನೆ ಬಿಟ್ಟರೆ ಹೊಂಬಣ್ಣಕ್ಕೆ ತಿರುಗಿ
ತಾವಾಗಿಯೇ ತಳ ಬಿಟ್ಟು ಏಳುತ್ತವೆ.
ಆಗ ಬಿಳಿ ವೈನು ಒಂದು ಲೋಟ
(ಆ ಲೋಟವಲ್ಲ, ಬೇರೆ ಲೋಟ).
ಛಸ್ಸೆಂದು ಎದ್ದ ಹಬೆಗೆ ನನ್ನ ಕನ್ನಡಕ ಕುರುಡು.
ಹದಿನೇಳು ಟೊಮೇಟೊ, ಅಂಗೈಯಲ್ಲೇ ಹಿಚುಕಿ.
ಗುಡ್ಡದಿಂದ ಕಿತ್ತು ತಂದ ಪಿಪೆರ್ನಾ ಸೊಪ್ಪು,
ಸೆರಗಿಲ್ಲದ ನನಗೆ ಏಪ್ರನ್ನಿನ ಜೇಬಲ್ಲಿ.
ಇನ್ನು ಉರಿ ತಗ್ಗಿಸು. ಮಡಕೆ ಮುಚ್ಚು. ಬಾಯಿ ಮುಚ್ಚು.

"ತಲೆ?" ಎಂದಳು ಅತ್ತೆ.

ತಲೆ ನನಗಾಗದು. ಯಾರೂ ತಿನ್ನದ ತಲೆ,
ಪ್ರತಿ ವಾರ ರಸದಲ್ಲಿ ತೇಲುತ್ತ ನನ್ನನ್ನೇ ನೋಡುವ ತಲೆ.
ಈ ಸಲ ಪಕ್ಕಕ್ಕಿಟ್ಟಿದ್ದೆ, ನೆರೆಮನೆಯ ನಾಯಿಗೆಂದು.
"ಯಾಕೆ ಬೇಕು ಅದು?" ಕೇಳಿಯೇಬಿಟ್ಟೆ,
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ಅತ್ತೆ ಹೇಳಿದಳು, ಉಪ್ಪಿನ ಡಬ್ಬಿ ಕೇಳುವಷ್ಟೇ ದನಿಯಲ್ಲಿ:

"ಯುದ್ಧದ ಕೊನೆಯ ಚಳಿಗಾಲ. ನನಗೆ ಎಂಟು.
ಗುಂಡಿ ಖಾಲಿ. ಮೊಲದ ಸೊಪ್ಪನ್ನೂ ನಾವೇ ತಿಂದಿದ್ದೆವು.
ಒಂದು ರಾತ್ರಿ ಅಪ್ಪ ಮೊಲ ತಂದ.
ಚರ್ಮ ಇಲ್ಲ, ಪಾದ ಇಲ್ಲ, ತಲೆ ಇಲ್ಲ.
ಅಮ್ಮ ಏನೂ ಕೇಳಲಿಲ್ಲ,
ಬೆಳ್ಳುಳ್ಳಿ ಕೆಂಪಾಗುವುದನ್ನೇ ನೋಡುತ್ತಿದ್ದಳು.
ತಿಂದೆ. ಎಷ್ಟು ಎಳೆಯದು ಅಂತೀ,
ಬೆರಳು ನೆಕ್ಕಿದೆ, ಮೂಳೆ ಚೀಪಿದೆ.
ಕೊನೆಗೆ ಎಂದಿನ ಹಾಗೆ ಒಂದು ಚೂರು
ಮೇಜಿನ ಕೆಳಗೆ ಹಿಡಿದೆ, ಸೆರಾಫೀನಳಿಗೆ.
ಹಿಡಿದೇ ಇದ್ದೆ.
ಯಾರೂ ಬಂದು ಕಾಲಿಗೆ ಮೈ ಉಜ್ಜಲಿಲ್ಲ."

ಮಡಕೆ ಒಳಗೊಳಗೇ ಗೊಣಗುತ್ತಿತ್ತು.
ಅನಿಯೆಲ್ಲೊ ಹೊರಗೆ ಕತ್ತಿ ತೊಳೆಯುತ್ತಿದ್ದ.
ನಾನು ತಲೆಯನ್ನು ತೊಳೆದೆ, ಎರಡು ಸಲ,
ಮುಚ್ಚಳ ತೆಗೆದು ನಡುವೆ ಇಟ್ಟೆ,
ಕಿವಿಯ ಬುಡದ ಮೇಲೂ ಒಂದಿಷ್ಟು ರಸ ಸುರಿದೆ.

ಮಧ್ಯಾಹ್ನ ಒಂದೂವರೆಗೆ ಮಾಂಸ ಮೂಳೆಯನ್ನು ಮರೆತಿತ್ತು.
ಅತ್ತೆ ಒಂದು ತುಣುಕನ್ನು ನಾಲಿಗೆಯ ಮೇಲಿಟ್ಟು
ಅಂಗುಳಿಗೆ ಒತ್ತಿ ಕಣ್ಣು ಮುಚ್ಚಿದಳು.
ತುಂಬ ಹೊತ್ತು.
ಹಗ್ಗದ ಒಂದು ತುದಿ ನನ್ನ ಗಂಟಲಲ್ಲಿ, ಇನ್ನೊಂದು ಅಲ್ಲಿ.
"ಉಪ್ಪು ಜಾಸ್ತಿ," ಎಂದಳು,
ತಟ್ಟೆ ಮತ್ತೆ ಮುಂದೆ ಚಾಚಿ.

ಮೇಜಿನ ನಡುವೆ ತಲೆ,
ಎರಡು ಉದ್ದ ಹಲ್ಲು ತೋರಿಸುತ್ತ.
ಮೊಲವೇ. ಅನುಮಾನವಿಲ್ಲ.